ಪರಸ್ಥಾನದ ಗಂಟು

ಅನಂತಮ್ಮನ ಗಂಟನ್ನು ನಾನು ಮುಟ್ಟಬಾರದಿತ್ತು. ಮುಟ್ಟಿದೆ. ಅವರ ಜೀವ ಉಳಿಸುವುದಕ್ಕೆ ಹಾಗೆ ಮಾಡಿದೆ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇವತ್ತು ಸುಳ್ಳು ಹೇಳುವ ಮನಸ್ಸಿಲ್ಲ.

ಎಪ್ಪತ್ತನಾಲ್ಕನೇ ಇಸವಿಯ ಮೇ ತಿಂಗಳು. ರಾಜಾಜಿನಗರ ಎರಡನೇ ಬ್ಲಾಕಿನಲ್ಲಿ ಅವರ ಮನೆಯಿಂದ ಉತ್ತರಕ್ಕೆ ನಾಲ್ಕನೆಯದು ನನ್ನ ಮನೆ. ನಾನು ಅಂಬುಜಾ, ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ. ಮದುವೆಯ ಗೊಡವೆಗೆ ಹೋದವಳಲ್ಲ, ಬಾಯಿ ಸ್ವಲ್ಪ ಜೋರು. ಅನಂತಮ್ಮನ ಒಬ್ಬಳೇ ಮಗಳು ಜಲಜಾ ನನ್ನ ಗೆಳತಿ. ಎಂಟು ವರ್ಷದ ಹಿಂದೆ ಅತ್ತೆಮನೆಯವರ ಜೊತೆ ಕಾಶಿಗೆ ಹೋದವಳು ಸ್ನಾನಘಟ್ಟದ ನೂಕುನುಗ್ಗಲಿನಲ್ಲಿ ಕಣ್ಮರೆಯಾದಳು. ಹೆಣ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಅದೇ ಕೊರಗಿನಲ್ಲಿ ಅವಳ ಅಪ್ಪ ತೀರಿಕೊಂಡರು. ಅಂದಿನಿಂದ ನಾನು ಅನಂತಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ನನ್ನ ಊಟ ಅಲ್ಲೇ, ಜಗಳ ಅಲ್ಲೇ.

ಆ ಬೇಸಿಗೆಯಲ್ಲಿ ಅವರು ಹಟ ಹಿಡಿದರು. "ಆ ಮೆಟ್ಟಿಲು ಒಂದು ಸಲ ನೋಡ್ಬೇಕು ಕಣೇ ಅಂಬುಜಾ. ಅಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗ್ಬೇಕು. ಆಮೇಲೆ ಏನಾದ್ರೂ ಆಗ್ಲಿ." ಯಾತ್ರೆಯ ಗುಂಪೊಂದಕ್ಕೆ ಹೆಸರು ಕೊಟ್ಟು ಟಿಕೆಟ್ಟೂ ಮಾಡಿಸಿಬಿಟ್ಟರು, ಬುಧವಾರದ ರೈಲಿಗೆ.

ಬುಧವಾರ ಉತ್ತರ ದಿಕ್ಕಿಗೆ ಹೊರಡಬಾರದಂತೆ. ಅದಕ್ಕೆ ನಮ್ಮವರಲ್ಲಿ ಪರಸ್ಥಾನ ಇಡುತ್ತಾರೆ. ಒಳ್ಳೆಯ ಗಳಿಗೆ ನೋಡಿ, ಹೊರಡುವವರು ಉಡುವ ಬಟ್ಟೆಯೊಂದನ್ನು ಅಕ್ಕಿ, ಅರಿಶಿನದ ಕೊಂಬಿನ ಜೊತೆ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟರೆ ಮುಗಿಯಿತು, ಅವರು ಹೊರಟಂತೆಯೇ ಲೆಕ್ಕ. ಮೈ ಆಮೇಲೆ ತನ್ನ ಅನುಕೂಲ ನೋಡಿಕೊಂಡು ಹಿಂದಿನಿಂದ ಹೋಗಬಹುದು. ಆದರೆ ಯಾತ್ರೆ ಮುಗಿಯದೆ ಗಂಟು ಮಾತ್ರ ಹೊರಟವರ ಮನೆಯ ಹೊಸ್ತಿಲನ್ನು ಮತ್ತೆ ದಾಟಬಾರದು.

ಸೋಮವಾರ ಬೆಳಿಗ್ಗೆ ಅನಂತಮ್ಮ ಗಂಟು ತಂದು ನಮ್ಮ ನಡುಮನೆಯ ಗೂಡಿನಲ್ಲಿಟ್ಟರು. "ಇನ್ನು ನಾನು ಹೊರಟೆ ಅಂತ್ಲೇ ತಿಳ್ಕೋ."

"ಹೋಗಿ ಬರ್ತೀನಿ ಅನ್ನಿ," ಎಂದು ಗದರಿದೆ. ಅವರು ನಕ್ಕರು. ಅನ್ನಲಿಲ್ಲ.

ಬುಧವಾರ ಬೆಳಗಾಗುವಷ್ಟರಲ್ಲಿ ದೇಶಕ್ಕೆ ದೇಶವೇ ರೈಲ್ವೆ ಮುಷ್ಕರ. ಮಲ್ಲೇಶ್ವರದ ಕಡೆಯಿಂದ ಹೊತ್ತು ಹೊತ್ತಿಗೆ ಕೇಳುತ್ತಿದ್ದ ರೈಲಿನ ಕೂಗು ನಿಂತು ಬೀದಿ ಬಿಕೋ ಎನ್ನುತ್ತಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಶುಕ್ರವಾರ ಹಾಲಿನ ಪಾಪಮ್ಮ ಅನಂತಮ್ಮನ ಮನೆ ಬಿಟ್ಟು ನೇರ ನಮ್ಮ ಮನೆಗೆ ಬಂದಳು. ಕೇಳಿದರೆ, "ಅಮ್ನೋರು ಕಾಸಿಗೆ ವೋದ್ರಲ್ವಾ?" ಎಂದಳು. ಅನಂತಮ್ಮ ಚೊಂಬು ಹಿಡಿದು ತಮ್ಮ ಗೇಟಿನ ಹತ್ತಿರವೇ ನಿಂತಿದ್ದರು. ಕಣ್ಣು ಕಾಣಲ್ವಾ ಎಂದು ಪಾಪಮ್ಮನಿಗೆ ಬೈದೆ. ಅವಳು ಗೇಟಿನ ಕಡೆ ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದಳು, ಹಾಲಿನ ಪಾತ್ರೆ ಎತ್ತಿಕೊಂಡು ಮುಂದಿನ ಮನೆಗೆ ಹೋದಳು.

ಅಂದೇ ಮಧ್ಯಾಹ್ನ ಇನ್ನೊಂದು ಗಮನಿಸಿದೆ. ಅನಂತಮ್ಮನ ತುಟಿ ಆಡಿ ನಿಂತ ಮೇಲೆ ಮಾತು ಕೇಳುತ್ತಿತ್ತು. ಮೊದಲು ನನ್ನ ಕಿವಿಯನ್ನೇ ದೂರಿಕೊಂಡೆ. ಲೆಕ್ಕದವಳಲ್ಲವೇ, ಮರುದಿನ ಎಣಿಸಿದೆ. ಒಂದು, ಎರಡು. ಆಮೇಲೆ ಮಾತು. ವಾರ ಕಳೆಯುವಷ್ಟರಲ್ಲಿ ಅದು ನಾಲ್ಕಾಯಿತು.

"ಕಾಲು ಉರೀತದೆ ಕಣೇ," ಎಂದು ಅಂಗಾಲು ತೋರಿಸಿದರು. ಬೊಬ್ಬೆ ಎದ್ದಿತ್ತು. ಅಂಗಳ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ ಅವರು. "ಕಣ್ಣು ಮುಚ್ಚಿದ್ರೆ ನಡೀತಾ ಇರ್ತೀನಿ. ನಿನ್ನೆ ಕೃಷ್ಣೆ ದಾಟಿದೆ."

"ರೈಲೇ ಇಲ್ಲ, ಎಲ್ಲಿಯ ಕೃಷ್ಣೆ?"

"ಮುಷ್ಕರ ರೈಲಿಗೆ ತಾನೇ? ನಾನು ಸೋಮವಾರವೇ ಹೊರಟಾಯ್ತಲ್ಲ."

ಮನೆಗೆ ಬಂದು ಗಂಟು ನೋಡಿದೆ. ಅದರ ತಳ ಒದ್ದೆಯಾಗಿತ್ತು, ಗೂಡಿನ ತುಂಬ ಕಪ್ಪು ಮಣ್ಣು. ಒರೆಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಒದ್ದೆ. ಆ ಸಲ ಗೋದಾವರಿ ಎಂದರು ಅನಂತಮ್ಮ. ಆಮೇಲೆ ನರ್ಮದೆ. ಮಟಮಟ ಮಧ್ಯಾಹ್ನ ನಡುಮನೆಯಲ್ಲಿ ಒಬ್ಬಳೇ ಕೂತರೆ ಗೂಡಿನಿಂದ ಏದುಸಿರು ಕೇಳುತ್ತಿತ್ತು, ಬಿಸಿಲಲ್ಲಿ ನಡೆಯುವವರ ಏದುಸಿರು. ನನಗೆ ಭಯವಾಯಿತು. ಭಯವಾದಾಗ ನನಗೆ ಸಿಟ್ಟು ಬರುತ್ತದೆ. "ಸಾಕು ಮಾಡಿ ಅಮ್ಮ, ವಾಪಸ್ ಬನ್ನಿ," ಎಂದು ಗೂಡಿಗೇ ಗದರಿದೆ.

ಮೂರನೇ ವಾರದ ಭಾನುವಾರ ಹೋದಾಗ ಅನಂತಮ್ಮ ಗೋಡೆಗೆ ಒರಗಿ ಕೂತಿದ್ದರು. ಕೈ ಹಿಡಿದೆ. ಹಿಡಿದಂತೆಯೇ ಅನ್ನಿಸಲಿಲ್ಲ. ತುಟಿ ಆಡಿತು. ಹನ್ನೊಂದು ಎಣಿಸಿದ ಮೇಲೆ ದನಿ ಬಂತು.

"ಗಂಗೆ ಕಾಣ್ತಾ ಇದೆ. ಮೆಟ್ಟಿಲ ಮೇಲೆ ಒಬ್ಬಳು ಬೆನ್ನು ಹಾಕಿ ಕೂತಿದಾಳೆ. ಆ ಜಡೆ ನಾನೇ ಹೆಣೆದದ್ದು ಕಣೇ."

ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಎಂಟು ವರ್ಷ ನಾನು ಅವರ ಜೊತೆ ಉಂಡು, ಕಾಲು ಒತ್ತಿ, ಅಮ್ಮ ಅಂದಿದ್ದೆ. ಒಮ್ಮೆಯೂ ನನ್ನನ್ನು ಹಾಗೆ ನೋಡಿರಲಿಲ್ಲ. ಅವರು ಸಾಯುತ್ತಾರೆಂದು ಹೆದರಿದ್ದು ನಿಜ. ಅದಕ್ಕಿಂತ ನಿಜ, ನನಗೆ ಹೊಟ್ಟೆ ಉರಿಯಿತು. ಓಡಿಹೋಗಿ ಗಂಟು ಕಿತ್ತುಕೊಂಡು ಬಂದು, ಅವರ ಹೊಸ್ತಿಲು ದಾಟಿಸಿ, ಮಡಿಲಿಗೆ ಹಾಕಿಬಿಟ್ಟೆ.

ಅನಂತಮ್ಮ ಚೀರಿದರು. ಒಂದು ಎಣಿಸುವಷ್ಟೂ ತಡವಾಗಲಿಲ್ಲ. ಅವರ ಕೈಗೆ ಭಾರ ಬಂತು, ಬೆಚ್ಚಗಾಯಿತು. ಮರುದಿನ ಪಾಪಮ್ಮ, "ಯಾವಾಗ ಬಂದ್ರಿ ಅಮ್ನೋರೆ?" ಎಂದು ಹಾಲು ಅಳೆದಳು. ಅದರ ಹಿಂದೆಯೇ ಮುಷ್ಕರ ಮುಗಿಯಿತು, ರೈಲು ಕೂಗಿತು.

ನಾನೇ ಅವರಿಗೆ ಹೊಸ ಟಿಕೆಟ್ ಮಾಡಿಸಿ ತಂದೆ. ಅನಂತಮ್ಮ ಅದನ್ನು ಮುಟ್ಟಲಿಲ್ಲ.

"ನಾನು ಕೂಗಿದ್ದೆ ಕಣೇ. ಅವಳಿಗೆ ಕೇಳಿಸ್ತು. ತಿರುಗ್ತಾ ಇದ್ಲು, ಕೆನ್ನೆ ಕಾಣ್ತು. ಪೂರ್ತಿ ತಿರುಗಿದಾಗ ಅಲ್ಲಿ ಯಾರಿದ್ರು? ಮತ್ತೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಆಮೇಲೆ ಐದು ವರ್ಷ ಬದುಕಿದ್ದರು. ನನಗೆ ಬಡಿಸಿದರು, ಜ್ವರ ಬಂದಾಗ ಹಣೆಗೆ ಪಟ್ಟಿ ಹಾಕಿದರು, ಗಂಟಿನ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸಂಕ್ರಾಂತಿಯ ಮಾರನೇ ದಿನ ತೀರಿಕೊಂಡರು. ಮಗಳ ಹೆಸರನ್ನು ಕೊನೆಯವರೆಗೂ ಬಾಯಿಂದ ಎತ್ತಲಿಲ್ಲ.

ತಿರುಗಿ ನೋಡಿದವಳಿಗೆ ಯಾರಾದರೂ ಹೇಳಬೇಕಲ್ಲ, ನಿಮ್ಮಮ್ಮ ಬಂದಿದ್ದರು, ತಡೆದವಳು ನಾನು ಎಂದು. ಟಿಕೆಟ್ ಮಾಡಿಸಿದ್ದೇನೆ. ರೈಲು ಬರುವ ಬುಧವಾರ. ಬೀದಿಯ ಉತ್ತರದ ಕೊನೆಗೆ, ಹಳೇ ಹಳ್ಳಿಯಲ್ಲಿರುವ ಪಾಪಮ್ಮನ ಮನೆಯಲ್ಲಿ ಮೊನ್ನೆ ನನ್ನ ಗಂಟು ಇಟ್ಟು ಬಂದೆ. ಏನೇ ಆದರೂ ವಾಪಸ್ ತರಕೂಡದು ಎಂದು ಅವಳಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಇವತ್ತು ಬೆಳಿಗ್ಗೆ ಹಾಲು ಹಾಕುತ್ತಾ ಪಾಪಮ್ಮ ಕೈ ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು.

"ಯಾಕ್ ಮೇಡಮ್ಮೋರೆ," ಎಂದಳು, "ನಿಮ್ ಮಾತು ತಡವಾಗಿ ಕೇಳ್ತೈತೆ?"