ಬಾಳಗೊಂಡನ ಹೆಸರಿನ ಮುಂದೆ ಬರೆದದ್ದು

ಕೊಲ್ಹಾಪುರದ ಕಡೆಯ ಉದಗಾಂವದ ಇಂಗ್ಲಿಷ್ ಸ್ಕೂಲಿಗೆ ಹೆಸರಷ್ಟೇ ಇಂಗ್ಲಿಷಿನದು, ಪಾಠವೆಲ್ಲ ಮರಾಠಿಯಲ್ಲಿ. ಶುರುವಾದಾಗ ಅದು ಬೆಲ್ಲದ ಗೋದಾಮಿನ ಎರಡು ಖೋಲಿಗಳಲ್ಲಿತ್ತು. ಮೊದಲ ವರ್ಷ ಸೇರಿದ ಹುಡುಗರಲ್ಲಿ ಬಾಳಗೊಂಡನೂ ಒಬ್ಬ. ಈಗ ಅರವತ್ತೈದಾದರೂ ದಿನಾ ಆ ಶಾಲೆಯ ಮುಂದಿನಿಂದಲೇ ಹೊಲಕ್ಕೆ ಹೋಗುತ್ತಾನೆ. ಗೇಟು ಮಾತ್ರ ಐವತ್ತು ವರ್ಷದಿಂದ ದಾಟಿಲ್ಲ. ಮಗನ ಹೆಸರು ಹಚ್ಚಲು ಹೆಂಡತಿ ಮಾಣಿಕಬಾಯಿಯನ್ನು ಕಳಿಸಿದ್ದ, ಮೊಮ್ಮಗಳು ಮನಾಲಿಯನ್ನು ಸೇರಿಸುವಾಗ ಮಗನನ್ನು.

ಕಾರಣ ಯಾರಿಗೂ ಹೇಳಿರಲಿಲ್ಲ. ಅವನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಕೊಲ್ಹಾಪುರದಿಂದ ಶಾಲೆಗೆ ಒಂದೇ ಒಂದು ಸೂಕ್ಷ್ಮದರ್ಶಕ ಬಂದಿತ್ತು. ಮಧ್ಯಾಹ್ನದ ಊಟದ ಸೂಟಿಯಲ್ಲಿ ಯಾರೂ ಇಲ್ಲದಾಗ ಅದನ್ನು ಕಪಾಟಿನಿಂದ ತೆಗೆದ. ಕೈ ಜಾರಿ ಬಿದ್ದು ಅದರ ಗಾಜು ಒಡೆಯಿತು. ಹೆಡ್‌ಮಾಸ್ತರ ಬಾಳಾಸಾಹೇಬರು ಕಿವಿ ಹಿಂಡಿ, "ನಿನ್ನ ಹೆಸರಿನ ಮುಂದ ಕೆಂಪು ಶಾಯಿಲೆ ಬರೀತೀನಿ. ಯಾವ ಸಾಲಿಯವರೂ ನಿನ್ನ ತಗೊಳ್ಳೂದಿಲ್ಲ" ಅಂದರು. ಮರುದಿನ ಹುಡುಗ ಶಾಲೆಗೆ ಹೋಗಲಿಲ್ಲ. ಅಪ್ಪ ಯಾಕೆಂದು ಕೇಳಲಿಲ್ಲ; ಹೊಲಕ್ಕೆ ಆಳು ಬೇಕಾಗಿತ್ತು.

ಈ ವರ್ಷ ಮುಖ್ಯಾಧ್ಯಾಪಕಿ ವೃಷಾಲಿ ಶಾಲೆಯ ಇತಿಹಾಸ ಬರೆಸಲು ಹೊರಟು, ಒಂದು ಮುಂಜಾನೆ ಅವನ ಮನೆಗೇ ಬಂದಳು.

"ಅಜ್ಜಾರ, ಮೊದಲಿನ ಹುಡುಗರದಾಗ ಊರಾಗ ಉಳಿದವರು ನೀವೊಬ್ಬರ. ಹಳೇ ರಜಿಸ್ಟರ್ ಸಿಕ್ಕೈತಿ. ಬಂದು ಗೋದಾಮಿನ ದಿನದ ಮಾತು ಹೇಳ್ರಿ."

ರಜಿಸ್ಟರ್ ಎಂದೊಡನೆ ಬಾಳಗೊಂಡನಿಗೆ ಕೆಂಪು ಶಾಯಿ ನೆನಪಾಯಿತು. ನೆಪ ಹುಡುಕುವಷ್ಟರಲ್ಲಿ ಮಾಣಿಕಬಾಯಿ ಟೋಪಿ ತಂದು ಕೈಗಿಟ್ಟಳು. ಹೋಗದೆ ವಿಧಿಯಿರಲಿಲ್ಲ.

ವೃಷಾಲಿ ಗ್ರಂಥಾಲಯ, ಕಂಪ್ಯೂಟರಿನ ಖೋಲಿ, ಹುಡುಗಿಯರಿಗೆಂದೇ ಕಟ್ಟಿಸಿದ ಶೌಚಾಲಯ, ಎಲ್ಲ ತೋರಿಸಿ ಕೊನೆಗೆ ಪ್ರಯೋಗಶಾಲೆಗೆ ಕರೆತಂದಳು. ಮೇಜಿನ ಮೇಲೆ ಸಾಲಾಗಿ ಹನ್ನೆರಡು ಸೂಕ್ಷ್ಮದರ್ಶಕಗಳು. ಬಾಳಗೊಂಡ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತ.

"ಒಳಗ ಬರ್ರಿ ಅಜ್ಜಾರ, ಯಾಕ ನಿಂತ್ರಿ?"

"ಬಾಯಾರ, ಆ ರಜಿಸ್ಟರಿನಾಗ ನನ್ನ ಬಗ್ಗೆ ಚಲೋ ಬರದಿಲ್ಲರಿ" ಎಂದ. ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದೂ ಬಂತು. ನಿಂತಲ್ಲೇ ಎಲ್ಲ ಹೇಳಿದ.

ವೃಷಾಲಿ ಕಚೇರಿಗೆ ಹೋಗಿ ರಜಿಸ್ಟರ್ ತಂದು ಅವನ ಮುಂದೆ ಬಿಚ್ಚಿದಳು. ಪುಟವಿಡೀ ನೀಲಿ ಶಾಯಿ. ಬಾಳಗೊಂಡ ಬೆರಳಿಟ್ಟು ನಿಧಾನವಾಗಿ ಓದಿದ. ನಡತೆ: ಚೆನ್ನಾಗಿದೆ. ಶಾಲೆ ಬಿಟ್ಟ ಕಾರಣ: ಮನೆಯ ಹೊಲದ ಕೆಲಸ. ಕೊನೆಯ ಅಂಕಣದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ಹುಷಾರು ಹುಡುಗ. ಎರಡು ಸಲ ಮನೆಗೆ ಹೋಗಿ ಕರೆದೆ, ತಂದೆ ಕಳಿಸಲಿಲ್ಲ.'

ಮಾಸ್ತರು ಮನೆಗೆ ಬಂದಿದ್ದರೇ? ಅಪ್ಪ ಒಂದು ದಿನವೂ ಹೇಳಲಿಲ್ಲ. ಗಳಿಗೆ ಹೊತ್ತು ಅವನಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಆದರೆ ಬೈಯಲು ಅಪ್ಪನಿಲ್ಲ, ಮಾಸ್ತರೂ ಇಲ್ಲ. ಉಳಿದದ್ದು ಆ ನೀಲಿ ಸಾಲೊಂದೇ. ಅದನ್ನು ಮತ್ತೊಮ್ಮೆ ಓದಿದ. ಹೆಗಲ ಮೇಲಿನ ಮೂಟೆ ಇಳಿಸಿದವನಂತೆ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ಬರಕೋರಿ ಬಾಯಾರ" ಎಂದ. "ಮಳಿಗಾಲದಾಗ ಗೋದಾಮು ಸೋರತಿತ್ತು. ನಾವೆಲ್ಲಾ ಬೆಲ್ಲದ ಅಚ್ಚುಗೋಳ ಮ್ಯಾಲ ಕುಂತು ಓದತಿದ್ವಿ."

ಊಟದ ಹೊತ್ತು ಮೀರಿ ಮನೆಗೆ ಬಂದವನು ಮಾಣಿಕಬಾಯಿಗೂ ಎಲ್ಲ ಹೇಳಿದ.

"ಇಷ್ಟಕ್ಕ ಐವತ್ತು ವರ್ಸ ಹೊಟ್ಟ್ಯಾಗ ಇಟಗೊಂಡ್ರೇನ್ರಿ?"

"ಹೌದು" ಎಂದು ನಕ್ಕ. ಇನ್ನೊಂದು ಜೋಳದ ಭಾಕ್ರಿ ಹಾಕಿಸಿಕೊಂಡು ಉಂಡ.