ಚಹಾ ತರುವ ಮುದುಕಿ

ಒಂದು ಕೈಯಲ್ಲಿ ಚಹಾದ ಕಿಟ್ಲಿ, ಇನ್ನೊಂದು ಕೈಯಲ್ಲಿ ಸೆರಗಿನಡಿ ಬಚ್ಚಿಟ್ಟ ಪುಸ್ತಕ ಹಿಡಿದು ಶೇವಂತಾಬಾಯಿ ಹೆಂಗಸರ ನಡುವೆ ದಾರಿ ಮಾಡಿಕೊಂಡು ಒಳಗೆ ನುಗ್ಗಿದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಬೆಳಗಿನಿಂದ ಪಕ್ಕದ ಮನೆಯ ಅವಳೇ ಎಲ್ಲರಿಗೂ ಚಹಾ ಮಾಡಿ ತರುತ್ತಿದ್ದಳು. ಹಾಗಾಗಿ ಯಾರೂ ತಡೆಯಲಿಲ್ಲ.

ಪಡಸಾಲೆಯಲ್ಲಿ ಗೌರಾಬಾಯಿಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮಡಿಲಲ್ಲಿ ಬಿಲ್ವಪತ್ರೆ. ಹೊಲದ ಸಮಾಧಿಯಲ್ಲೂ ಹೀಗೇ ಕೂರಿಸುವವರಿದ್ದರು. ಉದಗೀರದಿಂದ ಮಗಳು ಯೋಗಿತಾ ಬರುವುದೊಂದೇ ಬಾಕಿ.

ಭಜನೆ ಮುಗಿಸಿ ಕೂತಿದ್ದ ಜಂಗಮ ರಾಚಯ್ಯನವರ ಮುಂದೆ ಶೇವಂತಾಬಾಯಿ ಪುಸ್ತಕ ಇಟ್ಟಳು. ಮುಖಪುಟದ ತುಂಬ ದೊಡ್ಡದೊಂದು ಪಿಸ್ತೂಲು.

"ಸ್ವಾಮೇರ, ಯೋಗಿತಾ ಬರೋತನಕ ಇದರ ಕಡೀ ಪಾಠ ಒಂದು ಓದ್ರಿ."

ಗೌರಾಬಾಯಿಯ ಸೊಸೆ ಮನಿಷಾ ದಂಗಾದಳು. "ಮಾವಶಿ, ಇದೇನ್ರೀ! ಹೆಣದ ಮುಂದ ಖೂನಿ ಕತಿ?"

"ಇದು ಮುಗೀದೆ ಹೋದ್ರ ನಿಮ್ಮತ್ತಿ ಜೀವ ಇದರಾಗೇ ಸಿಕ್ಕೊಂಡಿರ್ತದ. ನಂದೂ ಅಷ್ಟೇ."

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಆ ಓಣಿಯಲ್ಲಿ ಕನ್ನಡ ಆಡುವವರು ಬೇಕಾದಷ್ಟು. ಓದುವವಳು ಗೌರಾಬಾಯಿ ಒಬ್ಬಳೇ ಇದ್ದಳು. ಉಳಿದವರೆಲ್ಲ ಮರಾಠಿ ಶಾಲೆಯವರು. ಇವತ್ತು ರಾಚಯ್ಯನವರು ಸಿಕ್ಕಿದ್ದೇ ಪುಣ್ಯ.

*

ಆರು ವರ್ಷದ ಹಿಂದೆ ಗೌರಾಬಾಯಿಯ ತಮ್ಮ ಗುರುಶಾಂತ ಬೀದರಿನಿಂದ ಹಳೆಯ ಕಾದಂಬರಿಗಳ ಕಟ್ಟೊಂದನ್ನು ತಂದು ಹಾಕಿದ್ದ. ಪತ್ತೇದಾರ ಕನಕರಾಜನ ಮಾಲೆ, ಒಟ್ಟು ಅರವತ್ತು. ಕಟ್ಟಿನ ಮೇಲಿದ್ದದ್ದು ಮೂವತ್ತೊಂದನೆಯದು, ಅಲ್ಲಿಂದಲೇ ಶುರು. ಕನಕರಾಜ ಯಾಕೆ ಕುಂಟುತ್ತಾನೆಂಬುದು ಹನ್ನೆರಡನೆಯದರಲ್ಲಿತ್ತು, ಕಟ್ಟಿನಲ್ಲಿ ಅದೇ ಇರಲಿಲ್ಲ. ಅದು ಸಿಗುವವರೆಗೆ ಇಬ್ಬರೂ ಫೋನ್ ಮಾಡಿ ಮಾಡಿ ಗುರುಶಾಂತನ ತಲೆ ತಿಂದರು.

ಮಧ್ಯಾಹ್ನ ಕಟ್ಟೆಯ ಮೇಲೆ ಗೌರಾಬಾಯಿ ಓದುವುದು, ಅಕ್ಷರ ಬಾರದ ಶೇವಂತಾಬಾಯಿ ತಂಬಾಕು ತಿಕ್ಕುತ್ತ ಕೇಳುವುದು. ಶೇವಂತಾಬಾಯಿಗೆ ಕನಕರಾಜನಿಗಿಂತ ಅವನ ಪಕ್ಕದ ಮನೆಯ ಮುದುಕಿಯ ಮೇಲೆ ಹೆಚ್ಚು ಪ್ರೀತಿ. ಬಾಯಿ ಜೋರು, ಆದರೆ ಪ್ರತಿ ಪುಸ್ತಕದಲ್ಲೂ ಚಹಾ ತಂದುಕೊಟ್ಟು ಒಂದು ಮಾತು ಹೇಳುತ್ತಿದ್ದಳು, ಅದರಿಂದ ಕನಕರಾಜನಿಗೆ ಕೊಲೆಗಾರ ಯಾರೆಂದು ತಟ್ಟನೆ ಹೊಳೆಯುತ್ತಿತ್ತು. ಮುದುಕಿ ಬಾಯಿ ತೆರೆಯುವಷ್ಟರಲ್ಲಿ ಗೌರಾಬಾಯಿ ಪುಸ್ತಕ ಮುಚ್ಚುತ್ತಿದ್ದಳು.

"ಆಕಿ ಏನಂತಾಳ, ಹೇಳು ನೋಡಾಮು?"

ಶೇವಂತಾಬಾಯಿ ಯೋಚಿಸಿ ಹೇಳುವಳು. ಮರುದಿನ ಮುದುಕಿಯೂ ಅದನ್ನೇ ಹೇಳುವಳು.

"ನಾ ಹೇಳಿದ್ನಿಲ್ಲ? ಮುದುಕಿ ನನ್ನಂಗೇ ಶಾಣ್ಯಾ ಅದಾಳ!"

"ಹೂಂ, ನಿನ್ನಂಗೇ."

ನಿನ್ನೆಯದು ನಲವತ್ತೆಂಟನೆಯದು. ಮಾಸ್ತರನೊಬ್ಬ ಅಡುಗೆಮನೆಯಲ್ಲಿ ಸತ್ತು ಬಿದ್ದಿದ್ದ. ಅಣ್ಣನ ಎದೆ ನಿಂತಿತು, ಕಾಯುತ್ತಿದ್ದ ಹಾಲೆಲ್ಲ ಉಕ್ಕಿ ಹೋಯಿತು, ತಾನು ಏನನ್ನೂ ಮುಟ್ಟಿಲ್ಲ ಎಂದು ಮಾಸ್ತರನ ತಮ್ಮ ಹೇಳುತ್ತಿದ್ದ. ಪೊಲೀಸರು ಬಂದಾಗ ಅಡುಗೆಮನೆ ಚೊಕ್ಕಟವಾಗಿತ್ತು. ಮುದುಕಿ ಚಹಾ ತಂದಳು, ಬಾಯಿ ತೆರೆದಳು, ಗೌರಾಬಾಯಿ ಪುಸ್ತಕ ಮುಚ್ಚಿದಳು. ಅಷ್ಟರಲ್ಲಿ ಓಣಿಯಲ್ಲಿ ಗಲಾಟೆ ಎದ್ದಿತು.

"ತಡಿ ಗೌರಾ, ಎಂಟು ದಿನಕ್ಕ ನಳಕ್ಕ ನೀರು ಬಂದಾವ. ನಾಳಿ ಹೇಳ್ತೀನಿ," ಎಂದು ಶೇವಂತಾಬಾಯಿ ಕೊಡ ಎತ್ತಿಕೊಂಡು ಓಡಿದ್ದಳು. ಬೆಳಗಾದಾಗ ಗೌರಾಬಾಯಿ ಹಾಸಿಗೆಯಿಂದ ಏಳಲಿಲ್ಲ.

*

ಬಸ್ಸಿನ ಟಿಕೀಟು ಇಟ್ಟಿದ್ದ ಪುಟವನ್ನು ರಾಚಯ್ಯನವರು ತೆರೆದರು.

"ಮುದುಕಿ ಏನಂದ್ಳು, ಅಲ್ಲಿಂದ ಓದ್ರಿ."

"ಯಾವ ಮುದುಕಿ?"

"ಅದೇರೀ, ಕನಕರಾಜಗ ಚಹಾ ತರೋಳು."

ಅವರು ಪುಟಗಳನ್ನು ಹಿಂದೆ ಮುಂದೆ ತಿರುವಿದರು. "ಇದರಾಗ ಮುದುಕಿ ಇಲ್ಲವ್ವಾ. ಮಠದಾಗ ಇದ್ದಾಗ ನಾನೂ ಈ ಮಾಲಿ ಎಲ್ಲಾ ಕದ್ದು ಓದೀನಿ. ಯಾವುದರಾಗೂ ಅಂಥಾಕಿ ಇಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಶೇವಂತಾಬಾಯಿ ಗೌರಾಬಾಯಿಯ ಮುಖ ನೋಡಿದಳು. *ಹೂಂ, ನಿನ್ನಂಗೇ.* ಆರು ವರ್ಷ ತನ್ನ ಮಾತನ್ನೇ ತನಗೆ ಓದಿ ಹೇಳಿದ್ದಳು, ಕಳ್ಳಿ! ಬೆಳಗಿನಿಂದ ಎಲ್ಲರನ್ನೂ ಸಮಾಧಾನ ಮಾಡುತ್ತಿದ್ದವಳಿಗೆ ಈಗ ಅಳು ಬಂತು, ತಡೆಯಲಾರದಷ್ಟು ಬಂತು.

ಹೊರಗೆ ಗಾಡಿ ನಿಂತ ಸದ್ದಾಯಿತು. "ಯೋಗಿತಾ ಬಂದ್ಳು," ಎಂದು ಯಾರೋ ಕೂಗಿದರು. ಗಂಡಸರು ಎದ್ದರು.

ಶೇವಂತಾಬಾಯಿ ಮಂಡಿಯೂರಿ ಗೆಳತಿಯ ಕಿವಿಯ ಹತ್ತಿರ ಬಗ್ಗಿದಳು. "ಗೌರಾ, ನಿನ್ನಿ ಹೇಳೋದು ಉಳೀತು. ಹಾಲು ಉಕ್ಕಿತ್ತಂತಾನ, ಏನೂ ಮುಟ್ಟಿಲ್ಲಂತಾನ. ಹಂಗಾರ ಒಲಿ ಒರಸಿದಾಂವ ಯಾರು?"

ರಾಚಯ್ಯನವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅವರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು:

"'ಹಾಗಾದರೆ ಒಲೆ ಒರೆಸಿದವರು ಯಾರು?' ಎಂದು..." ಅಲ್ಲಿ ಅಚ್ಚಾಗಿದ್ದ ಕನಕರಾಜನ ಹೆಸರನ್ನು ದಾಟಿ, "ಮುದುಕಿ ಕೇಳಿದಳು," ಎಂದರು. "ತಮ್ಮನ ಮುಖ ಬಿಳಿಚಿಕೊಂಡಿತು."

ಶೇವಂತಾಬಾಯಿ ಕಣ್ಣೊರೆಸಿಕೊಂಡು ಕಿಟ್ಲಿ ಎತ್ತಿದಳು. ಒಂದು ಬಶಿಗೆ ಚಹಾ ಹೊಯ್ದು ಗೌರಾಬಾಯಿಯ ಮೊಣಕಾಲ ಮುಂದೆ ಇಟ್ಟಳು. ಯೋಗಿತಾ ಅಳುತ್ತ ಒಳಗೆ ಬಂದಾಗ ಮನಿಷಾ ಆ ಬಶಿಯನ್ನು ಸರಿಸಲಿಲ್ಲ. ಅದರ ಪಕ್ಕದಲ್ಲಿ ನಾದಿನಿಗೆ ಜಾಗ ಮಾಡಿಕೊಟ್ಟಳು.