ಒಂದು ಪುಟದ ಸುದ್ದಿ

ಹೂಗುಚ್ಛದ ರಿಬ್ಬನ್ನನ್ನು ಎರಡೂ ಕೈಯಲ್ಲಿ ಬಿಗಿದು ಹಿಡಿದು, ಕಾರ್ಖಾನೆಯ ಐಲಾ ಅದರ ಮೇಲಿನ ಬರಹವನ್ನು ಶವಪೆಟ್ಟಿಗೆಯ ಮುಂದೆ ಗಟ್ಟಿಯಾಗಿ ಓದಿದಳು: “ವಸಂತದಿಂದಲೂ ನೋವನ್ನು ನಗುತ್ತಲೇ ನುಂಗಿದ ಇಸ್ಮೊಗೆ, ಕಾಗದದ ಕಾರ್ಖಾನೆಯ ಗೆಳೆಯರಿಂದ.”

ಇಸ್ಮೊನ ಮಗಳು ಮೇರ್ವಿಯ ಕಿವಿ ನೆಟ್ಟಗಾಯಿತು. ವಸಂತದಿಂದಲೂ? ಅವಳಿಗೆ ಅಪ್ಪ ಫೋನಿನಲ್ಲಿ ಹೇಳಿದ್ದು ಮೊನ್ನೆ ಅಕ್ಟೋಬರಿನಲ್ಲಿ. ‘ಹೊಟ್ಟೆ ಸ್ವಲ್ಪ ಕೈಕೊಟ್ಟಿದೆ, ಕ್ರಿಸ್‌ಮಸ್‌ಗೆ ಬಾ’ ಎಂದಿದ್ದ, ಅಷ್ಟೆ. ಅವಳು ದೂರದ ಓಉಲು ನಗರದಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದಲ್ಲಿ ನಿಂತ ತಮ್ಮ ಯಾನ್ನೆ ರಿಬ್ಬನ್ನಿನ ಮಾತಿಗೆ ಒಂದಿಷ್ಟೂ ಬೆಚ್ಚಲಿಲ್ಲ.

ಚರ್ಚಿನ ಹಜಾರದಲ್ಲಿ ಕಾಫಿ ಶುರುವಾಗುತ್ತಲೇ ಅವನನ್ನು ಮೂಲೆಗೆ ಎಳೆದಳು.

“ನಿಂಗೆ ಯಾವಾಗ ಗೊತ್ತಾಯ್ತೋ?”

“ಜೂನಲ್ಲಿ. ಸ್ಕ್ಯಾನು, ರಕ್ತದ್ದು, ಎಲ್ಲಾ ತೋರಿಸಿದ್ದ.”

“ಎಲ್ಲಾ ಸೇರ್ಕೊಂಡು ನನ್ನ ಹತ್ರ ಮುಚ್ಚಿಟ್ರಿ!”

“ಅಪ್ಪನ್ನ ಕೇಳ್ಬೇಕಿತ್ತಕ್ಕ. ನನ್ನ ತಲೆ ಯಾಕೆ ತಿಂತೀಯ?”

*

ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಹೇಳುವುದೇ ಇಸ್ಮೊನ ಕೆಲಸವಾಗಿತ್ತು. ಕಾರ್ಖಾನೆಯ ವರದಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಬೇರೆಬೇರೆ ಕಟ್ಟು ಮಾಡುತ್ತಿದ್ದ. ಬ್ಯಾಂಕಿನವರಿಗೆ ಅಂಕಿಅಂಶಗಳ ರಾಶಿ, ಕೆಲಸಗಾರರಿಗೆ ದೊಡ್ಡಕ್ಷರ ಮತ್ತು ಚಿತ್ರ, ದೊಡ್ಡ ಸಾಹೇಬರಿಗೆ ಒಂದೇ ಪುಟ.

“ಇದ್ರಲ್ಲಿ ನಿಜ ಯಾವ್ದಪ್ಪ?” ಎಂದು ಲಂಗ ತೊಡುವ ವಯಸ್ಸಿನ ಮೇರ್ವಿ ಒಮ್ಮೆ ಕೇಳಿದ್ದಳು.

“ಎಲ್ಲಾ ನಿಜಾನೇ ಪುಟ್ಟಿ. ಓದೋರು ಯಾರು ಅಂತ ನೋಡ್ಬೇಕು. ಕೆದಕೋರಿಗೆ ಪೂರ್ತಿ ಕೊಡು. ನಿದ್ದೆ ಕೆಡಿಸ್ಕೊಳ್ಳೋರಿಗೆ ಒಂದು ಪುಟ ಸಾಕು.”

ಒಂದೇ ಸಂಗತಿಯನ್ನು ಹೀಗೆ ಹಲವು ಥರ ಹೇಳುವವನು ಎಲ್ಲೋ ಒಂದು ಕಡೆ ಸುಳ್ಳು ಸೇರಿಸುತ್ತಾನೆ ಎಂದು ಅವಳಿಗೆ ಅಂದಿನಿಂದಲೇ ಗುಮಾನಿ.

*

“ನನ್ನ ನಂಬ್ಲಿಲ್ಲ, ಅಷ್ಟೇ,” ಎಂದಳು ಮೇರ್ವಿ, ಹಜಾರದ ಮೂಲೆಯಲ್ಲಿ.

“ಕೊನೇ ವಾರ ಯಾವ ಮದ್ದೂ ನಾಟ್ಲಿಲ್ಲ. ರಾತ್ರಿಯೆಲ್ಲಾ ಕಿರುಚ್ತಿದ್ದ. ಇದನ್ನ ಕೇಳ್ಬೇಕಿತ್ತಾ ನೀನು?”

“ಕೇಳ್ಬೇಕಿತ್ತು! ನಾನೂ ಅವನ ಮಗಳೇ. ಪೂರ್ತಿ ಬೇಕಿತ್ತು ನಂಗೆ!”

ಯಾರೋ ಅವಳ ತೋಳು ಜಗ್ಗಿದರು. ವೃದ್ಧಾಶ್ರಮದಿಂದ ಗಾಲಿಕುರ್ಚಿಯಲ್ಲಿ ಕರೆತಂದಿದ್ದ ಅಮ್ಮ.

“ಮೇರ್ವಿ, ನಿಜ ಹೇಳೇ. ಕೊನೇಲಿ ಇಸ್ಮೊಗೆ ತುಂಬಾ ನೋವಾಯ್ತಾ?”

ಯಾನ್ನೆ ಅಕ್ಕನ ಬಾಯನ್ನೇ ನೋಡುತ್ತ ನಿಂತ. ಮೇರ್ವಿ ಬಗ್ಗಿ ಅಮ್ಮನ ಶಾಲು ಸರಿಮಾಡಿದಳು.

“ಇಲ್ಲಮ್ಮ. ನಿದ್ದೇಲೇ ಹೋದ.”

ಅಮ್ಮ ಕಾಫಿಯ ಬಟ್ಟಲನ್ನು ತುಟಿಯವರೆಗೆ ತಂದಳು. ಕುಡಿಯಲಿಲ್ಲ. ಬಟ್ಟಲಿನ ಅಂಚಿನ ಮೇಲಿಂದ, ಕಣ್ಣು ಕಿರಿದು ಮಾಡಿ, ಮಗಳ ಮುಖವನ್ನೇ ನೋಡತೊಡಗಿದಳು.